ಗಾರೆ ಕಾಣದ ಮನೆ

ಮೊನ್ನೆ ನಮ್ಮ ಮನೆಗೆ ಇಟ್ಟಿಗೆ ಬಂತು. ಅದೂ ಸುರುಳಿ ಸುತ್ತಿಕೊಂಡು, ಪ್ಲಾಸ್ಟಿಕ್ ಕವರಿನೊಳಗೆ. ಇಟ್ಟಿಗೆಯನ್ನು ಯಾರಾದರೂ ಚಾಪೆಯ ಹಾಗೆ ಸುತ್ತುತ್ತಾರೆಯೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಸೊಸೆ ರೂಪಾ ನಗುತ್ತಾ "ನೋಡಿ ಅತ್ತೆ" ಎಂದು ಸುರುಳಿ ಬಿಚ್ಚಿ ತೋರಿಸಿದಳು. ಹಿಂದೆ ಅಂಟು, ಮುಂದೆ ಇಟ್ಟಿಗೆ ಗೋಡೆಯ ಚಿತ್ರ. ಅವರ ಕೋಣೆಯ ಒಂದು ಗೋಡೆಗೆ ಅಂಟಿಸುವುದಂತೆ, ತಿಪಟೂರಿನಲ್ಲಿ ಈಗ ಹೊಸದಾಗಿ ಕಟ್ಟಿದವರೆಲ್ಲ ಹೀಗೇ ಮಾಡಿಸುತ್ತಾರಂತೆ. ಗೋಡೆಗೆ ಗಾರೆ ಬಳಿದು, ಪುಟ್ಟಿ ಹಚ್ಚಿ, ಪ್ರೈಮರು ಹೊಡೆದು, ಎರಡು ಕೋಟು ಬಣ್ಣ ಬಳಿದು ಇಟ್ಟಿಗೆಯ ಸುಳಿವೇ ಇಲ್ಲದಂತೆ ಮುಚ್ಚುವುದು. ಆಮೇಲೆ ಅದರ ಮೇಲೆ ಇಟ್ಟಿಗೆಯ ಚಿತ್ರ ಅಂಟಿಸುವುದು. ಇದರಲ್ಲಿ ಏನೋ ಒಂದು ಲೆಕ್ಕ ಇರಲೇಬೇಕು, ನನ್ನ ತಲೆಗೆ ಹೋಗಲಿಲ್ಲ ಅಷ್ಟೆ. ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿದೆ. ಚಿತ್ರದ ಇಟ್ಟಿಗೆಗಳು ಒಂದು ಉದ್ದ, ಒಂದು ಅಡ್ಡ, ಮತ್ತೆ ಒಂದು ಉದ್ದ, ಒಂದು ಅಡ್ಡ ಹೀಗೆ ಕೂತಿದ್ದವು. ಉದ್ದದ್ದು ಕೆಂಪು, ಅಡ್ಡದ್ದು ಕಪ್ಪು.

"ಇದು ಗಿರಿಜತ್ತೆ ಮನೆ ಗೋಡೆ ಕಣೇ" ಎಂದೆ.

ರೂಪಾಗೆ ಗಿರಿಜತ್ತೆ ಗೊತ್ತಿಲ್ಲ. ಅವಳು ಈ ಮನೆಗೆ ಬರುವ ಹೊತ್ತಿಗೆ ಅತ್ತೆ ತೀರಿಕೊಂಡು ಬಹಳ ವರ್ಷ ಆಗಿತ್ತು. ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ಎಳೆದು ನಿಮಗೂ ಹೇಳುತ್ತೇನೆ. ಅಂಟಿಸುವ ಹುಡುಗ ಹೇಗೂ ಮಾರನೆಯ ದಿನ ಬರುವವನಿದ್ದ, ಅವತ್ತು ನಮಗೆ ಅವಸರವಿರಲಿಲ್ಲ.

ಗಿರಿಜತ್ತೆ ನಮ್ಮಪ್ಪನ ತಂಗಿ. ಚಿಕ್ಕನಾಯಕನಹಳ್ಳಿ ಕಡೆಗೆ ಕೊಟ್ಟಿದ್ದರು. ಮದುವೆಯಾದ ಕೆಲವು ವರ್ಷಕ್ಕೇ ಗಂಡ ಹೋಗಿಬಿಟ್ಟರು, ಮಕ್ಕಳಿರಲಿಲ್ಲ. ಆ ಮನೆಯವರು ಕೆಟ್ಟವರು ಎಂದು ನಾನು ಹೇಳಿದರೆ ನಾಲಿಗೆ ಬಿದ್ದುಹೋದೀತು. ಊಟಕ್ಕೆ ಕಡಿಮೆ ಮಾಡಲಿಲ್ಲ, ಮಾತಿನಲ್ಲಿ ಚುಚ್ಚಲಿಲ್ಲ. ಆದರೆ ಮನೆ ತುಂಬ ಜನ. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ, ಬಾಣಂತಿಗೆ ಒಂದು, ನೆಂಟರಿಗೆ ಒಂದು ಎಂದು ಕೊಡುತ್ತಾ ಕೊಡುತ್ತಾ ಕೊನೆಗೆ ಅತ್ತೆಯ ಹಾಸಿಗೆ ಉಗ್ರಾಣಕ್ಕೆ ಬಂತು. ಅಲ್ಲಿ ಮಲಗಿದವಳನ್ನು ರಾಗಿ ಬೇಕಾದವರು, ಬೆಲ್ಲ ಬೇಕಾದವರು, ಹಗ್ಗ ಬೇಕಾದವರು ದಾಟಿಕೊಂಡು ಹೋಗುತ್ತಿದ್ದರು. ಆ ಉಗ್ರಾಣದ ಗೋಡೆಗೆ ಹಳೆಯದೊಂದು ಕ್ಯಾಲೆಂಡರು ನೇತು ಹಾಕಿತ್ತು. ತಿಂಗಳ ಹಾಳೆಗಳೆಲ್ಲ ಯಾವತ್ತೋ ಹರಿದುಹೋಗಿ ಮೇಲಿನ ಚಿತ್ರ ಮಾತ್ರ ಉಳಿದಿತ್ತು: ಬರೀ ಇಟ್ಟಿಗೆಯ ಪುಟ್ಟ ಮನೆಗಳ ಒಂದು ಸಾಲು.

ಅಜ್ಜಿ ತೀರಿಕೊಂಡಾಗ ಅತ್ತೆ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಒಂದು ಟ್ರಂಕು, ಅದರೊಳಗೆ ಸುತ್ತಿಟ್ಟ ಆ ಚಿತ್ರ, ಇಷ್ಟೇ ಅವಳು ತಂದದ್ದು. ನೊಣವಿನಕೆರೆಯಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮದೂ ತೊಟ್ಟಿ ಮನೆ, ನಮ್ಮಲ್ಲೂ ಜನಕ್ಕೇನು ಬರವಿರಲಿಲ್ಲ. ಅತ್ತೆಯ ಹಾಸಿಗೆ ಇಲ್ಲಿಯೂ ಒಂದು ಕಡೆ ನಿಲ್ಲಲಿಲ್ಲ. ಇವತ್ತು ಪಡಸಾಲೆ, ನಾಳೆ ದೇವರ ಕೋಣೆಯ ಮುಂದೆ. ಸ್ವಲ್ಪ ದಿನ ನೋಡಿ ಅವಳು ಅಪ್ಪನ ಮುಂದೆ ಚಿತ್ರ ಬಿಚ್ಚಿಟ್ಟಳು.

"ಅಣ್ಣಯ್ಯ, ರಸ್ತೆ ಪಕ್ಕದ ತೋಟದ ಮೂಲೇಲಿ ನಂಗಿಂಥದ್ದೊಂದು ಕಟ್ಟಿಸ್ಕೊಡು."

ಅಪ್ಪ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಪಿಯುಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಮುಖ ಮರೆಸಿಕೊಂಡು ಓಡಾಡುತ್ತಿದ್ದ ನನ್ನನ್ನು ಕರೆದು ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿಸಿದರು. ಇಂಗ್ಲೆಂಡಿನ ಯಾವುದೋ ಪಟ್ಟಣದ ಹಳೆಯ ಇಟ್ಟಿಗೆ ಮನೆಗಳು ಎಂದು ಅರ್ಥ ಹೇಳಿದೆ. ಪಟ್ಟಣದ ಹೆಸರನ್ನು ಬೇರೆ ಬೇರೆ ಥರ ಉಚ್ಚರಿಸಿದೆ, ಯಾವುದೂ ಸರಿಯಿರಲಾರದು.

"ಹಳೇವಂದ್ರೆ ಎಷ್ಟು ಹಳೇವು?" ಎಂದಳು ಅತ್ತೆ.

"ಇನ್ನೂರು ವರ್ಷ" ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ವಯಸ್ಸಲ್ಲ ಅದು.

"ಕೇಳ್ದಾ ಅಣ್ಣಯ್ಯ, ಗಾರೆ ಇಲ್ದೇನೇ ನಿಂತವೆ."

ಅಪ್ಪನಿಗೆ ಚಿಂತೆಯಾದದ್ದು ಗಾರೆಯದ್ದಲ್ಲ. "ನಿನ್ನ ಹೊರಗಿಟ್ರೆ ಊರೋರು ನನ್ನ ಮುಖಕ್ಕೆ ಉಗೀತಾರೆ ಕಣಮ್ಮ" ಎಂದರು. ಅತ್ತೆ ಜಗಳವಾಡಲಿಲ್ಲ, ಅಳಲೂ ಇಲ್ಲ. ದಿನಾ ಸಂಜೆ ಅಪ್ಪ ಕಾಫಿ ಕುಡಿಯುವಾಗ ಚಿತ್ರವನ್ನು ತಂದು ಎದುರಿಗೆ ಇಡುತ್ತಿದ್ದಳು, ಲೋಟ ಖಾಲಿಯಾದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಅಪ್ಪ ಕಾಫಿ ಬಿಡಬೇಕಿತ್ತು, ಇಲ್ಲವೇ ಒಪ್ಪಬೇಕಿತ್ತು.

ಒಪ್ಪಿದರು, ಆದರೆ ಒಂದು ಮಾತಿನ ಮೇಲೆ. ನಮ್ಮ ಸೀಮೆಯಲ್ಲಿ ಮನೆಯನ್ನು ಮನೆ ಎನ್ನಬೇಕಾದರೆ ಅದಕ್ಕೊಂದು ಅಟ್ಟ ಇರಬೇಕು, ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಕೊಬ್ಬರಿಯಾಗಬೇಕು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಅದಕ್ಕೆ ಕೆಳಗಿನ ಒಲೆಯ ಬಿಸಿ ಬೇಕು, ಹೊಗೆ ಬೇಕು. ಅಪ್ಪ ಹೇಳಿದ್ದು ಇದು: "ಆ ಮೂಲೆ ಮರಗಳ ಕಾಯಿ ನಿಂದೇ. ನಿನ್ನ ಅಟ್ಟಕ್ಕೇ ಹಾಕು. ವರ್ಷಕ್ಕೆ ಕೊಬ್ಬರಿ ಆದ್ರೆ ಅದು ನಿನ್ನ ಮನೆ, ನಾನು ಮಾತಾಡಕಿಲ್ಲ. ಕೆಟ್ರೆ ಬಾಯಿ ಮುಚ್ಕಂಡು ಇಲ್ಲಿಗೆ ಬಂದ್ಬುಡಬೇಕು."

"ಆಯ್ತು ಬುಡು" ಎಂದಳು ಅತ್ತೆ. ಅವಳ ಮುಂದಿನ ಬಾಳೆಲ್ಲ ಆ ಒಂದು ವರ್ಷದ ಕಾಯಿಯ ಮೇಲೆ ನಿಂತಿತು.

ಮೇಸ್ತ್ರಿ ರಂಗಪ್ಪ ನಮ್ಮೂರಿನವರೇ. ಅಲ್ಲಿಯವರೆಗೆ ಅವರು ಕಟ್ಟಿದ್ದೆಲ್ಲ ದನದ ಕೊಟ್ಟಿಗೆ, ಪಂಪ್‌ಸೆಟ್ ಮನೆ, ಕಾಂಪೌಂಡು. ಚಿತ್ರ ನೋಡಿದ್ದೇ ಅವರ ಕಣ್ಣು ಬೆಳಗಿತು. ಅದನ್ನು ಅತ್ತೆಯಿಂದ ಇಸಿದುಕೊಂಡು ಹೋಗಿ ಮನೆಯಲ್ಲಿ ಇಟ್ಟುಕೊಂಡು, ಮಗುವಿನ ಜಾತಕ ನೋಡುವವರ ಹಾಗೆ ನೋಡಿದರು. ಇಟ್ಟಿಗೆ ಒಂದು ಉದ್ದ ಒಂದು ಅಡ್ಡ ಕೂತಿರುವುದನ್ನು ಕಂಡುಕೊಂಡವರು ಅವರೇ. ಅಡ್ಡದ ಇಟ್ಟಿಗೆ ಕಪ್ಪಗಿವೆಯಲ್ಲ, ಆ ಬಣ್ಣದ್ದು ಎಲ್ಲಿ ತರುವುದು ಎಂದು ಎರಡು ದಿನ ಯೋಚನೆ ಮಾಡಿ, ಕೆರೆಯಂಗಳದ ಇಟ್ಟಿಗೆ ಗೂಡಿಗೆ ಹೋಗಿ, ಬೆಂಕಿ ಜಾಸ್ತಿಯಾಗಿ ಸುಟ್ಟು ಕರ್ರಗಾದ ಇಟ್ಟಿಗೆಗಳನ್ನೆಲ್ಲ ಗಾಡಿಗೆ ತುಂಬಿಸಿಕೊಂಡು ಬಂದರು. ಗೂಡಿನವರು ಅವನ್ನು ದಾರಿಯ ಗುಂಡಿಗೆ ತುಂಬಲು ಇಟ್ಟಿದ್ದರಂತೆ. ಕಿಟಕಿಯ ನೆತ್ತಿಗೆ ಇಟ್ಟಿಗೆಗಳನ್ನು ನಿಲ್ಲಿಸಿ ಬೀಸಣಿಗೆಯ ಹಾಗೆ ಬಿಡಿಸಿದರು. ಸೂರಿನ ಕೆಳಗೆ ಒಂದು ಸಾಲು ಇಟ್ಟಿಗೆಯನ್ನು ಮೂಲೆ ಮುಂದೆ ಮಾಡಿ ಹಲ್ಲುಹಲ್ಲಾಗಿ ಕೂರಿಸಿದರು. ಕರಣೆಯ ತುದಿಯಿಂದ ಸಂದಿಯ ಸುಣ್ಣವನ್ನು ಗೆರೆ ಎಳೆದ ಹಾಗೆ ತೀಡಿದರು. ಮಾಡು ಕಡಿದಾಗಿ ಮೇಲೇರಿತು, ಅದರ ಕೆಳಗೆ ಸಂದಿ ಬಿಡದೆ ಜೋಡಿಸಿದ ಅಡಿಕೆ ದಬ್ಬೆಯ ಅಟ್ಟ ಬಂತು. ಚಿತ್ರದಲ್ಲಿದ್ದ ಹಾಗೇ ಮಾಡಿನ ಒಂದು ತುದಿಯಲ್ಲಿ ದಪ್ಪನೆಯ ಚೌಕಾಕಾರದ ಹೊಗೆಗೂಡು ನೆಟ್ಟಗೆ ನಿಂತಿತು.

ಜನಕ್ಕೆ ಇದು ಅರ್ಥವಾಗಲಿಲ್ಲ. ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ, "ಪಾಪ, ಮುಗಿಸಕ್ಕಾಗ್ಲಿಲ್ವಾ ತಾಯಿ? ಮುಂದಿನ ವರ್ಷ ಪ್ಲಾಸ್ಟರಿಂಗ್ ಮಾಡಿಸ್ಕಳಿ ಬುಡಿ" ಎಂದು ಸಮಾಧಾನ ಹೇಳುತ್ತಿದ್ದರು. "ಮುಗಿದೈತೆ ಕಣಪ್ಪ, ಮನೆ ಇಷ್ಟೇ" ಎನ್ನುತ್ತಿದ್ದಳು ಅತ್ತೆ. ಅವರು ಇನ್ನಷ್ಟು ಮರುಗಿ ಮುಂದೆ ಹೋಗುತ್ತಿದ್ದರು.

ಗೃಹಪ್ರವೇಶದ ದಿನ ಹಾಲುಕ್ಕಿಸಲು ಒಲೆ ಹಚ್ಚಿದೆವು. ಹಾಲು ಉಕ್ಕುವ ಮೊದಲೇ ಹೊಗೆ ಉಕ್ಕಿತು. ಕಿಟಕಿ ಸಣ್ಣವು, ಗೋಡೆಯ ಸಂದಿಗಳನ್ನು ರಂಗಪ್ಪ ಇರುವೆಗೂ ಜಾಗವಿಲ್ಲದಂತೆ ಮುಚ್ಚಿದ್ದರು. ಮಂತ್ರ ಹೇಳುತ್ತಿದ್ದ ಅಯ್ಯನವರು ಮೊದಲು ಹೊರಗೆ ಬಂದರು, ಹಿಂದೆಯೇ ನಾವೆಲ್ಲ. ಅತ್ತೆ ಮಾತ್ರ ಒಳಗೇ ಕೂತು ಹಾಲು ಉಕ್ಕಿಸಿಯೇ ಎದ್ದಳು. ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಮಾಡಿನ ಕಡೆ ನೋಡಿದರು. ಹೊಗೆಗೂಡಿನಿಂದ ಒಂದೆಳೆ ಹೊಗೆಯೂ ಬರುತ್ತಿರಲಿಲ್ಲ.

"ಏನ್ ರಂಗಪ್ಪ ಇದು?"

"ಏನ್ ಯಜಮಾನ್ರೆ?"

"ಹೊಗೆ ಯಾಕೆ ಬತ್ತಿಲ್ಲ ಅದ್ರಾಗೆ?"

ರಂಗಪ್ಪ ನಿಜವಾಗಿಯೂ ಆಶ್ಚರ್ಯಪಟ್ಟರು. "ಅದ್ರಾಗೆ ಯಾಕ್ ಬತ್ತದೆ? ಅದು ಗಟ್ಟಿ ಇಟ್ಟಿಗೇದು. ದೇವಸ್ಥಾನಕ್ಕೆ ಕಳಸ ಇದ್ದಂಗೆ ಇಂಗ್ಲೀಸ್ನೋರು ಮನೆಗೊಂದು ಇಟ್ಕಂತಾರೆ ಅಂದ್ಕಂಡೆ. ಚಿತ್ರದಾಗೆ ಹೊಗೆ ಎಲ್ಲೈತೆ, ನೀವೇ ನೋಡಿ."

ಚಿತ್ರ ತರಿಸಿ ನೋಡಿದೆವು. ನಿಜ, ಯಾವ ಮನೆಯ ಮೇಲೂ ಹೊಗೆ ಇರಲಿಲ್ಲ. ಆ ಊರಿನವರು ಫೋಟೋ ತೆಗೆಯುವ ದಿನ ಅಡಿಗೆ ಮಾಡಿರಲಿಲ್ಲ. ಇಂಗ್ಲಿಷ್ ಅರ್ಥ ಹೇಳಿದ್ದ ನಾನು ಮಾವಿನ ಮರದ ಹಿಂದೆ ಸರಿದುಕೊಂಡೆ.

ಅಪ್ಪನ ಬಲವಂತಕ್ಕೆ ರಂಗಪ್ಪ ವಾರದೊಳಗೆ ಕಳಸವನ್ನು ಕೊರೆದು ಪೊಳ್ಳು ಮಾಡಿ, ಒಲೆಯ ನೆತ್ತಿಯಿಂದ ಅಟ್ಟದ ಮೂಲಕ ಮೇಲಿನವರೆಗೆ ದಾರಿ ಮಾಡಿಕೊಟ್ಟರು. ಹೊಗೆ ಸರಾಗವಾಗಿ ಹೋಯಿತು. ಊರಿನವರು ನೋಡಲು ಬಂದರು. ಅತ್ತೆ ಟ್ರಂಕು ಸಾಗಿಸಿದಳು, ಕಾಯಿ ಅಟ್ಟಕ್ಕೆ ಏರಿತು. ಒಂಟಿ ಹೆಂಗಸು ಒಬ್ಬಳೇ ಮಲಗಬಾರದೆಂದು ನನ್ನನ್ನು ಜೊತೆಗೆ ಕಳಿಸಿದರು. ಫೇಲಾದದ್ದಕ್ಕೆ ಗಡೀಪಾರು ಮಾಡಿದರು ಎಂದುಕೊಂಡು ನಾನು ಮುಖ ಊದಿಸಿಕೊಂಡೇ ಹೋದೆ.

ಮೊದಲ ಕೆಲವು ದಿನ ಅತ್ತೆ ಒಂದು ವಿಚಿತ್ರ ಮಾಡುತ್ತಿದ್ದಳು. ಬಾಗಿಲು ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಅಗುಳಿ ಸರಿಯಿಲ್ಲವೇ ಎಂದು ಕೇಳಿದೆ. "ಸರಿಯಾಗೇ ಐತೆ ಮಗ" ಎಂದಳು. ಆಮೇಲೆ ಗೋಡೆಯ ಮೇಲಿನ ಚಿತ್ರ ತೋರಿಸಿದಳು. "ಆ ಮನೆ ಮುಂದೆ ಯಾರೂ ಇಲ್ಲ ನೋಡು. ಒಂದೇ ಬಾಗ್ಲು. ಒಳಗಿರೋಳು ಹಾಕ್ಕಂಡ್ರೆ ಹಾಕ್ಕಂಡಂಗೆ, ತೆಗುದ್ರೆ ತೆಗುದಂಗೆ. ಉಗ್ರಾಣದಾಗೆ ಮಲಗ್ಕಂಡು ನಾನು ದಿನಾ ಆ ಬಾಗ್ಲನ್ನೇ ನೋಡ್ತಿದ್ದೆ." ಇಟ್ಟಿಗೆಯ ಚಂದ, ಕಿಟಕಿಯ ಚಂದ ಎಲ್ಲ ನಮಗೆ ಕಂಡದ್ದು. ಅವಳಿಗೆ ಕಂಡದ್ದು ಬಾಗಿಲು.

ಮಳೆಗಾಲ ಹಿಡಿಯಿತು. ಒಂದು ದಿನ ಅಪ್ಪ ಬಂದರು. ಅವರು ಬರುವ ರೀತಿ ಯಾವಾಗಲೂ ಒಂದೇ: ಬಾಗಿಲು ತಳ್ಳಿಕೊಂಡು ನೆಟ್ಟಗೆ ಒಳಗೆ. ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಕಾಯಿಗಳ ಮೇಲೆ ಕೈ ಆಡಿಸಿ ಇಳಿದು ಬಂದರು.

"ಮ್ಯಾಲೆ ತಣ್ಣಗೆ ಕೊರೀತೈತೆ. ಹೊಗೆಯೆಲ್ಲ ಆಕಾಶಕ್ಕೆ ಹೋಯ್ತಾ ಕೂತ್ರೆ ಕಾಯಿಗೇನು ಉಳೀತು? ಕೌಟು ಹಿಡ್ದು ಕೆಡ್ತವೆ ಕಣಮ್ಮ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗೆದ್ದ ಖುಷಿಯೂ ಇರಲಿಲ್ಲ. ತಂಗಿ ಸೋತು ವಾಪಸ್ಸು ಬರಬೇಕಾಗುತ್ತದಲ್ಲ ಎಂದು ಅವರಿಗೆ ಬೇಸರವೇ ಆಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಅತ್ತೆ ಅವತ್ತು ಊಟ ಮಾಡಲಿಲ್ಲ. ಮರುದಿನ ಹೊಗೆಗೂಡಿನ ಬಾಯಿಗೆ ಗೋಣಿಚೀಲ ತುರುಕಿಸಿದಳು. ಹೊಗೆ ನಮ್ಮ ಕಣ್ಣಿಗೆ ಬಂತು. ಕೆಮ್ಮಿ ಕೆಮ್ಮಿ ನನಗೆ ಜ್ವರ ಬಂದಾಗ ತಾನೇ ತೆಗೆಸಿದಳು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಅಟ್ಟಕ್ಕೆ ಹತ್ತಿದವಳು ಅಲ್ಲೇ ಹೊಗೆಗೂಡಿನ ಗೋಡೆಯ ಎದುರಿಗೆ ಬಹಳ ಹೊತ್ತು ಕೂತಿದ್ದಳು. ಇಳಿದು ಬಂದು ರಂಗಪ್ಪನಿಗೆ ಹೇಳಿ ಕಳಿಸಿದಳು.

"ರಂಗಪ್ಪ, ಅಟ್ಟದಾಗೆ ಹಾದೋಗೋ ಜಾಗದಲ್ಲಿ ಉದ್ದದ ಇಟ್ಟಿಗೆ ಬುಟ್ಟು ಅಡ್ಡದವನ್ನ ಮಾತ್ರ ಕಿತ್ಬುಡು. ನೆತ್ತಿ ಮ್ಯಾಲೊಂದು ಚಪ್ಪಡಿ ಎಳಿ."

"ಬೀಳಾಕಿಲ್ವೇನಮ್ಮಾರೆ?"

"ಉದ್ದದವು ಹಿಡ್ಕಂತವೆ. ನೀನೇ ಹಂಗೆ ಕಟ್ಟೀಯಲ್ಲ."

ರಂಗಪ್ಪ ಒಂದೊಂದೇ ಕಪ್ಪು ಇಟ್ಟಿಗೆಯನ್ನು ಸಡಿಲಿಸಿ ಎಳೆದರು. ಕೊನೆಗೆ ನೋಡಿದರೆ ಅಟ್ಟದ ನಡುವೆ ಹೊಗೆಗೂಡು ಜಾಲಂದ್ರವಾಗಿ ನಿಂತಿತ್ತು. ಒಲೆ ಹಚ್ಚಿದೆವು. ಹೊಗೆ ಗೂಡಿನೊಳಗೆ ಏರಿ, ಚಪ್ಪಡಿಗೆ ತಾಗಿ, ಆ ಕಿಂಡಿಗಳಿಂದ ಮೆಲ್ಲಗೆ ಹೊರಬಂದು ಕಾಯಿಗಳ ಮೇಲೆ ಹರಡಿತು, ಹೆಂಚಿನ ಸಂದಿಯಿಂದ ಹೊರಗೆ ಹೋಯಿತು. ಕೆಳಗೆ ನಮ್ಮ ಕಣ್ಣು ತಿಳಿಯಾಗಿಯೇ ಇತ್ತು. ಇಂಗ್ಲೆಂಡಿನ ಮನೆಗೆ ತಿಪಟೂರಿನ ಬುದ್ಧಿ ಬಂದದ್ದು ಆವತ್ತು.

ಆದರೂ ಕಾಯಿ ಅದಾಗಲೇ ಥಂಡಿ ಕುಡಿದಿತ್ತೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಅಟ್ಟಕ್ಕೆ ಏರಿಸಿದ ಕಾಯನ್ನು ನಡುವೆ ಒಡೆದು ನೋಡುವ ಪದ್ಧತಿ ನಮ್ಮಲ್ಲಿಲ್ಲ. ವರ್ಷ ತುಂಬುವವರೆಗೆ ಕಾಯಬೇಕು. ಕಾದೆವು. ಅತ್ತೆ ತಲೆಯ ಮೇಲೆ ತನ್ನ ಹಣೆಬರಹವನ್ನೇ ಒಣಗಲು ಹಾಕಿಕೊಂಡು ಕೆಳಗೆ ಹೂ ಕಟ್ಟುತ್ತಾ, ಬತ್ತಿ ಹೊಸೆಯುತ್ತಾ ಇದ್ದಳು. ನಾನು ಕಿಟಕಿಯ ಪಕ್ಕ ಗಣಿತ ಬಿಡಿಸುತ್ತಿದ್ದೆ. ಯಾರೂ ದಾಟಿಕೊಂಡು ಹೋಗದ, ಯಾರೂ ಕೂಗದ ಜಾಗದಲ್ಲಿ ಕೂತರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂದು ಗೊತ್ತಾದದ್ದು ನನಗೆ ಅಲ್ಲಿ. ಆ ವರ್ಷ ಪಾಸಾದೆ, ಮುಂದೆ ಟೀಚರ್ ಆದೆ, ಅದೇ ಗಣಿತ ಹೇಳಿಕೊಟ್ಟು ನಿವೃತ್ತಿಯೂ ಆದೆ. ಇವತ್ತಿಗೂ ಅದಕ್ಕೆ ನಾನು ಕೈಮುಗಿಯುವುದು ಆ ಮನೆಗೆ. ಕಟ್ಟಿದ ರಂಗಪ್ಪನಿಗೆ, ಬಿಟ್ಟುಕೊಟ್ಟ ಅಪ್ಪನಿಗೆ, ಎಲ್ಲೋ ಕಡಲಾಚೆ ಮೊದಲು ಒಂದು ಉದ್ದ ಒಂದು ಅಡ್ಡ ಇಟ್ಟ ಯಾವನೋ ಪುಣ್ಯಾತ್ಮನಿಗೂ ಅದರಲ್ಲಿ ಪಾಲಿದೆ.

ಕಾಯಿ ಇಳಿಸಿ ಸುಲಿಯುವ ದಿನ ಅಪ್ಪನೇ ಬಂದು ಅಂಗಳದಲ್ಲಿ ಕೂತರು. ಸುಲಿದ ಮೊದಲ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಚಿಪ್ಪು ಬಿಟ್ಟ ಉಂಡೆ ಒಳಗೆ ಲೊಡಲೊಡ ಸದ್ದು ಮಾಡಿತು. ಇನ್ನೊಂದು ತೆಗೆದುಕೊಂಡರು, ಮತ್ತೊಂದು ತೆಗೆದುಕೊಂಡರು. ಅತ್ತೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಅಪ್ಪ ಒಂದರ ಚಿಪ್ಪು ಒಡೆದರು. ಉಂಡೆ ಇಡಿಯಾಗಿ ಹೊರಗೆ ಬಂತು, ಎಲ್ಲೂ ಮಚ್ಚೆಯಿಲ್ಲ. ಅದನ್ನು ಕತ್ತರಿಸಿ ಒಂದು ಚೂರು ಬಾಯಿಗೆ ಹಾಕಿಕೊಂಡು, ಅಗಿದು, "ಹೂಂ" ಎಂದರು. ಟವೆಲ್ ಕೊಡವಿಕೊಂಡು ಎದ್ದು ಹೋದರು. ಅಷ್ಟೇನಾ ಎಂದು ನನಗೆ ಕೋಪವೇ ಬಂತು.

ಮಾರನೆಯ ಬೆಳಿಗ್ಗೆ ನಾವಿಬ್ಬರೂ ಒಳಗೆ ಅವರೆಕಾಯಿ ಸುಲಿಯುತ್ತಿದ್ದೆವು. ಹೊರಗೆ ಅಪ್ಪನ ಕೆಮ್ಮು ಕೇಳಿಸಿತು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ಅವರು ತಳ್ಳಿಕೊಂಡು ಬರುತ್ತಾರೆಂದು ನಾನು ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡೆ. ಬಾಗಿಲು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ಮಾತು ಬಂತು.

"ಗಿರಿಜಾ, ಒಳಕ್ಕೆ ಬರ್ಲೇನಮ್ಮ?"

ಅತ್ತೆಯ ಕೈ ನಿಂತಿತು. ಹುಟ್ಟಿದಾಗಿನಿಂದ ಅವಳನ್ನು ಆ ಮಾತು ಯಾರೂ ಕೇಳಿರಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಸೀರೆ ಸರಿಮಾಡಿಕೊಂಡು, ತಾನೇ ಹೋಗಿ ಬಾಗಿಲು ತೆಗೆದಳು. "ಬಾ ಅಣ್ಣಯ್ಯ" ಎಂದಳು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ತೋರಿಸಿದ ಕಡೆ ಕೂತು, ಕೊಟ್ಟ ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಅತ್ತೆ ಅವರೆಕಾಯಿ ಮುಂದೆ ಕೂತು ಮನಸಾರೆ ಅತ್ತಳು. ಅಷ್ಟು ಸುಖವಾಗಿ ಯಾರಾದರೂ ಅಳುವುದನ್ನು ನಾನು ಇನ್ನೊಮ್ಮೆ ನೋಡಿಲ್ಲ. ಅಂದಿನಿಂದ ಕೊನೆಯವರೆಗೆ ಅವಳು ಅದೇ ಮನೆಯಲ್ಲಿ ಇದ್ದಳು.

ಮನೆ ಈಗಲೂ ಗಟ್ಟಿಯಾಗಿದೆ. ನನ್ನ ತಮ್ಮನ ಮನೆಯವರು ಇವತ್ತಿಗೂ ಅಟ್ಟಕ್ಕೆ ಕಾಯಿ ಹಾಕುತ್ತಾರೆ. ಮದುವೆ ಗೊತ್ತಾದ ಜೋಡಿಗಳು ತುರುವೇಕೆರೆಯಿಂದ ಕಾರು ಮಾಡಿಕೊಂಡು ಬಂದು ಆ ಬೋಳು ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತವೆ. ಪ್ಲಾಸ್ಟರಿಂಗ್ ಮಾಡಿಸಿ ಎಂದು ಈಗ ಯಾರೂ ಹೇಳುವುದಿಲ್ಲ.

ಇದನ್ನೆಲ್ಲ ಕೇಳಿ ರೂಪಾ ಸುರುಳಿ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ನಿನ್ನೆ ಹುಡುಗ ಬಂದು ಅಂಟಿಸಿ ಹೋದ. ಸಂಜೆ ಹೇಗೆ ಕಾಣುತ್ತದೋ ನೋಡೋಣ ಎಂದು ನಾನು ಹೊರಟೆ. ಅವಳ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಈ ಮನೆ ನಾನೂ ನಮ್ಮವರೂ ನಿಂತು ಕಟ್ಟಿಸಿದ್ದು; ಇದರಲ್ಲಿ ನನ್ನ ಕೈ ತಳ್ಳದ ಬಾಗಿಲು ಯಾವುದೂ ಇಲ್ಲ. ಬಾಗಿಲ ಮೇಲೆ ಕೈ ಇಟ್ಟವಳು ಹಾಗೇ ನಿಂತೆ. ಮದುವೆಯಾಗಿ ಬಂದು ಎರಡು ವರ್ಷವಾದ ಹುಡುಗಿ, ಅವಳು ಒಂದು ಗೋಡೆಯನ್ನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡದ್ದು ಇದೇ ಮೊದಲು. ಕೈ ತೆಗೆದೆ.

"ರೂಪಾ, ಒಳಕ್ಕೆ ಬರ್ಲೇನಮ್ಮ?"

ಕೇಳಿಸಲಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಮೆಲ್ಲಗೆ, ಸ್ವಲ್ಪ ಅಳುಕಿಕೊಂಡೇ ಉತ್ತರ ಬಂತು.

"ಈಗ ಬೇಡ ಅತ್ತೆ. ಆಮೇಲೆ ಬನ್ನಿ."

ಒಂದು ಗಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಮೈಯೆಲ್ಲ ಹಗುರವಾಯಿತು. "ಆಯ್ತು ಬುಡಮ್ಮ" ಎಂದು ಹೇಳಿ, ಕಾಫಿಗೆ ಹಾಲಿಡಲು ಅಡಿಗೆಮನೆಗೆ ಬಂದೆ.